ಜೋಡಿಗೆ ಕರೆದಾಗ

ರೋಬೋಟ್ ಸ್ಪರ್ಧೆಯ ಆರನೆಯ ಪಂದ್ಯದ ಕೊನೆಯಲ್ಲಿ ಟಕ್ಕೆಂದು ಶಬ್ದವಾದದ್ದು ಕುಸುಮಾಳನ್ನು ಬಿಟ್ಟರೆ ಬೇರೆ ಯಾರಿಗೂ ಕೇಳಿಸಲಿಲ್ಲ. ರೋಬೋಟನ್ನು ಮೇಜಿನ ಹಿಂದಕ್ಕೆ ಎಳೆದುಕೊಂಡು ನೋಡಿದಳು. ಡಬ್ಬ ಎತ್ತುವ ಕೈಯ ಗೇರಿನಲ್ಲಿ ಮೂರು ಹಲ್ಲು ಮುರಿದಿದ್ದವು. ಬದಲಿ ಗೇರು ಇರಲಿಲ್ಲ. ಭಾನುವಾರ ಮೈಸೂರಿನಲ್ಲಿ ಯಾವ ಅಂಗಡಿ ತೆಗೆದಿರುತ್ತದೆ?

"ಯಾರಿಗೂ ಹೇಳ್ಬೇಡ," ಎಂದ ಅವಳ ತಂಡದ ದೇವರಾಜು. "ಹನ್ನೊಂದ್ನೇ ಸ್ಥಾನದಲ್ಲಿದ್ದೀವಿ. ಯಾರಾದ್ರೂ ಜೋಡಿಗೆ ಕರೆದ್ಬುಟ್ರೆ ಸಾಕು, ಕೊನೇ ಸುತ್ತಿಗೆ ಹೋಗ್ಬುಡ್ತೀವಿ."

ಅವನು ಹೇಳಿದ್ದು ಸರಿಯೇ. ಕೊನೆಯ ಸುತ್ತನ್ನು ಎರಡೆರಡು ತಂಡ ಸೇರಿ ಆಡಬೇಕು. ಮೊದಲ ಎಂಟು ತಂಡಗಳ ನಾಯಕರು ಸ್ಥಾನದ ಕ್ರಮದಲ್ಲಿ ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ತಮಗೆ ಬೇಕಾದ ಯಾವುದೇ ತಂಡವನ್ನು ಜೋಡಿಗೆ ಕರೆಯಬೇಕು. ಕರೆದಾಗ ಒಲ್ಲೆ ಎಂದವರನ್ನು ಮತ್ತೆ ಯಾರೂ ಕರೆಯುವಂತಿಲ್ಲ. ಹಿನಕಲ್ ಕಡೆಯ ಅವರ ಪಾಲಿಟೆಕ್ನಿಕ್ಕಿನಲ್ಲಿ ರೋಬೋಟ್ ಎಂದರೆ ಪ್ರಿನ್ಸಿಪಾಲರಿಗೆ ಮಕ್ಕಳಾಟ. ಈ ಸಲ ಕೊನೆಯ ಸುತ್ತು ಮುಟ್ಟದಿದ್ದರೆ ಇವರು ಕೆಲಸ ಮಾಡುವ ಕೋಣೆಗೆ ಮುರಿದ ಬೆಂಚು ತುಂಬಿಸುತ್ತೇನೆ ಎಂದು ಹೇಳಿಯೇ ಕಳಿಸಿದ್ದರು.

ನಾಲ್ಕನೆಯ ಸ್ಥಾನದ ತಂಡದ ನಾಯಕ ರವಿಚಂದ್ರ ಬಂದು ಕೇಳಿದ: "ನಿಮ್ ರೋಬೋಟಿನ ಕೈ ಸರಿಯಾಗಿದೆ ತಾನೇ? ನಿಮ್ಮನ್ನೇ ಕರೆಯೋಣ ಅಂತಿದೀವಿ."

"ಫಸ್ಟ್ ಕ್ಲಾಸಾಗಿದೆ ಕಣ್ರೀ," ಎಂದಳು ಕುಸುಮ. ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ನಾಚಿಕೆಯೂ ಆಯಿತು. ಆದರೆ ನಾಚಿಕೊಂಡು ಕೂರಲು ಆಗ ಪುರುಸೊತ್ತೆಲ್ಲಿತ್ತು?

ಮೊದಲು ಮೈಕಿಗೆ ಬಂದವಳು ಬಿಂದುಶ್ರೀ. ಇಂಜಿನಿಯರಿಂಗ್ ಹುಡುಗಿ, ಮೊದಲ ಸ್ಥಾನ. ಬೋಗಾದಿಯ ಬಾಡಿಗೆ ರೂಮಿನಲ್ಲಿ ಎರಡು ವರ್ಷದಿಂದ ಕುಸುಮಾಳ ಜೊತೆಗಿರುವವಳು. ಅವಳು ಎರಡನೆಯ ಸ್ಥಾನದವರನ್ನೇ ಕರೆಯುತ್ತಾಳೆ ಎಂದು ಇಡೀ ಸಭಾಂಗಣ ತೀರ್ಮಾನಿಸಿಬಿಟ್ಟಿತ್ತು.

"ಹನ್ನೊಂದನೇ ತಂಡ. ಕುಸುಮ ಅವರದ್ದು," ಎಂದಳು ಬಿಂದುಶ್ರೀ. ಬಂದು ರೋಬೋಟನ್ನು ನೋಡಿರಲಿಲ್ಲ, ಒಂದು ಮಾತು ಕೇಳಿರಲಿಲ್ಲ. ಸುಮ್ಮನೆ ಈ ಕಡೆ ನೋಡಿ ನಗುತ್ತಿದ್ದಳು.

"ಹೋಗು, ಹೂಂ ಅಂದ್ಬುಡು," ಎಂದು ದೇವರಾಜು ಬೆನ್ನಿಗೆ ಕೈ ಹಾಕಿ ತಳ್ಳಿದ. ಕುಸುಮ ಮೈಕಿನ ಮುಂದೆ ಹೋಗಿ ನಿಂತಳು. ಹೂಂ ಎಂದರೆ ಕಾಲೇಜಿನ ಕೋಣೆ ಉಳಿಯುತ್ತದೆ. ಆದರೆ ಡಬ್ಬ ಎತ್ತಲಾಗದ ರೋಬೋಟು ಕಟ್ಟಿಕೊಂಡು ಬಿಂದು ಮೊದಲ ಪಂದ್ಯದಲ್ಲೇ ಸೋಲುತ್ತಾಳೆ.

"ಆಗೋದಿಲ್ಲ," ಎಂದುಬಿಟ್ಟಳು.

ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಹನ್ನೊಂದನೇ ಸ್ಥಾನದವಳಿಗೆ ಎಷ್ಟು ಜಂಬ ಎಂದು ಯಾರೋ ಕೇಳಿಸುವಂತೆಯೇ ಹೇಳಿದರು. ಬಿಂದುಶ್ರೀಯ ಮುಖ ಕೆಂಪಾಯಿತು. ಎರಡನೆಯ ಸ್ಥಾನದವರನ್ನು ಕರೆದು ಕೆಳಗಿಳಿದಳು. ತನ್ನ ಸರದಿ ಬಂದಾಗ ರವಿಚಂದ್ರ ಬೇರೆ ಯಾರನ್ನೋ ಕರೆದ.

"ಪ್ರಿನ್ಸಿಪಾಲ್ರಿಗೆ ನೀನೇ ಹೇಳ್ಕೋ," ಎಂದು ದೇವರಾಜು ಎದ್ದು ಹೋದ. ಅವನ ಮುಖ ನೋಡುವ ಧೈರ್ಯ ಕುಸುಮಾಳಿಗಾಗಲಿಲ್ಲ. ಆರು ತಿಂಗಳು ಅವನೂ ಅವಳಷ್ಟೇ ದುಡಿದಿದ್ದ.

ಬಿಂದುಶ್ರೀ ದಡದಡನೆ ಬಂದಳು. "ಎಲ್ಲರ ಮುಂದೆ ನನ್ ಮರ್ಯಾದೆ ತೆಗೆದ್ಬುಟ್ಟೆಯಲ್ಲೇ. ನಿನಗೆ ನಾನೇನು ಮಾಡಿದ್ದೆ?"

ಕುಸುಮ ಮುರಿದ ಗೇರನ್ನು ಬಿಚ್ಚಿ ಅವಳ ಕೈಗಿಟ್ಟಳು. ಬಿಂದುಶ್ರೀ ಅದನ್ನು ತಿರುಗಿಸಿ ನೋಡಿದಳು. ಅವಳ ಸಿಟ್ಟು ಇಳಿಯಿತು, ಕಣ್ಣು ಒದ್ದೆಯಾಯಿತು. ಗೆಳತಿಯ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತಳು. ಆಮೇಲೆ ಏನೋ ಹೊಳೆದವಳಂತೆ ತಲೆಯೆತ್ತಿದಳು.

"ನಿಮ್ಮನ್ನ ಕರೀತೀನಿ ಅಂತ ರವಿಚಂದ್ರ ಎಲ್ಲರ ಹತ್ರ ಹೇಳ್ಕೊಂಡು ಓಡಾಡ್ತಿದ್ದ. ನಾನು ಕರೆಯದೆ ಅವನೇ ಕರೆದಿದ್ರೆ ಏನ್ ಮಾಡ್ತಿದ್ದೆ?"

"ಒಪ್ಕೊಂಡ್ಬುಡ್ತಿದ್ದೆ ಕಣೇ," ಎಂದಳು ಕುಸುಮ. "ಅವನ ಮುಖಾನ ನಾನು ದಿನಾ ಬೆಳಗ್ಗೆ ನೋಡ್ಬೇಕಾಗಿರ್ಲಿಲ್ಲವಲ್ಲ."