ಆಡುವ ಕಣ್ಣು

"ಕೂಸಿನ ಕಣ್ಣು ಯಾಕ ಹಿಂಗ ಆಡ್ತಾವ ಅಂತ ನನ್ನ ಕೇಳ್ತೀರೇನ್ರಿ ಡಾಕ್ಟರ? ಅಗೋ, ಅಕಿನ್ನ ಕೇಳ್ರಿ! ಬಸುರಿದ್ದಾಗ ಗ್ರಹಣದಾಗ ಹೊರಗ ಬಂದು ನಿಂತಾಕಿ ಅಕಿ," ಎಂದು ಮುದಕಮ್ಮ ಸೊಸೆಯ ಕಡೆ ಬೆರಳು ಮಾಡಿದಳು.

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಕಳಕಮ್ಮ ತಲೆ ಎತ್ತಲಿಲ್ಲ. ಗ್ರಹಣದ ಹೊತ್ತಿನಲ್ಲಿ ಅವಳು ಹೊರಗೆ ಬಂದದ್ದು ಹಗ್ಗ ಹರಿದುಕೊಂಡ ಕರುವನ್ನು ಕಟ್ಟಲು. ಅಷ್ಟಕ್ಕೇ ಮಗ ಅಮರಪ್ಪನ ಕಣ್ಣುಗುಡ್ಡೆಗಳು ಒಂದು ಕಡೆ ನಿಲ್ಲದೆ ಅತ್ತಿಂದಿತ್ತ ಓಡಾಡುತ್ತವೆ ಎಂದು ಮನೆಮಂದಿಯೆಲ್ಲ ನಂಬಿದ್ದರು. ಅತ್ತೂ ಅತ್ತೂ ಅವಳೂ ನಂಬಿದ್ದಳು. ಈಗ ಮತ್ತೆ ದಿನ ತುಂಬಿದ ಬಸುರಿ. ಈ ಕೂಸಿನ ಕಣ್ಣೂ ಹೀಗೇ ಆಡಿದರೆ ಅವಳ ಗಂಡ ಹೇಮಪ್ಪನಿಗೆ ಕುಷ್ಟಗಿಯಿಂದ ಇನ್ನೊಂದು ಹೆಣ್ಣು ತರುವುದೇ ಸೈ ಎಂದು ಮುದಕಮ್ಮ ಓಣಿಗೆಲ್ಲ ಕೇಳುವಂತೆ ಹೇಳಿಬಿಟ್ಟಿದ್ದಳು.

ಹಾಗೆ ನೋಡಿದರೆ ಮುದಕಮ್ಮ ಹೊರಗಿನವಳೇನಲ್ಲ, ಕಳಕಮ್ಮನ ಹೆತ್ತವ್ವನ ಅವ್ವ. ಸೋದರಮಾವನಿಗೇ ಕೊಟ್ಟ ಹುಡುಗಿ ಕಳಕಮ್ಮ. ಎತ್ತಿ ಆಡಿಸಿದ ಆಯಿಯೇ ಅತ್ತೆಯಾದಳು. ಆಯಿಯ ಕೈಯಲ್ಲಿ ಹುಡುಗಿ ಹೂವಿನಂತೆ ಇರುತ್ತಾಳೆ ಅಂದವರೇ ಎಲ್ಲರೂ. ಮೊಮ್ಮಗನ ಕಣ್ಣು ಆಡಿದ್ದೇ ತಡ, ಆಯಿ ಹೋಗಿ ಬರೀ ಅತ್ತೆ ಉಳಿದಳು, ಪಾಪ!

ಡಾಕ್ಟರ್ ಇಬ್ರಾಹಿಂಸಾಬರು ರಾಯಚೂರಿನವರು. ಎರಡನೆಯ ಮಹಾಯುದ್ಧದ ಆ ವರ್ಷಗಳಲ್ಲಿ ಮಂದಿಗೆಲ್ಲ ಜೋಳದ ಚಿಂತೆಯಾದರೆ ಇವರಿಗೆ ಕಣ್ಣಿನ ಚಿಂತೆ. ಇಂಥ ಆಡುವ ಕಣ್ಣು ಮನೆತನದಲ್ಲಿ ಯಾರಿಂದ ಯಾರಿಗೆ ಇಳಿಯುತ್ತದೆ ಎಂದು ಹುಡುಕುತ್ತ ಊರೂರು ಅಲೆದು ತಳಕಲ್ಲಿಗೆ ಬಂದಿದ್ದರು. "ಗ್ರಹಣದ ಮಾತು ಆಮ್ಯಾಲ ತಾಯಿ. ಮೊದಲ ನಿಮ್ಮ ಮಂದಿನ್ನ ಹೇಳ್ರಿ," ಎಂದು ಪಡಸಾಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ನೆಲದ ಮೇಲೆ ಮನೆತನದ ವಂಶವೃಕ್ಷ ಹಾಕತೊಡಗಿದರು. ಹೆಂಗಸಿಗೆ ಒಂದು ಜೋಳದ ಕಾಳು, ಗಂಡಸಿಗೆ ಜೋಳದೊಳಗಿಂದ ಆರಿಸಿ ಎಸೆದ ಒಂದು ಹರಳು. ಅಮರಪ್ಪನ ಹರಳು ಇಟ್ಟರು, ಅದರ ಮೇಲೆ ಅವನಪ್ಪ ಹೇಮಪ್ಪನ ಹರಳು, ಅದರ ಮೇಲೆ ಹೇಮಪ್ಪನ ತಾಯಿ ಮುದಕಮ್ಮನ ಕಾಳು.

"ನಮ್ಮ ಕಡಿ ಯಾರಿಗೂ ಇಲ್ರಿ. ಅಕಿ ತವರಮನಿ ಕಡಿ ನೋಡ್ರಿ, ಹುಳುಕು ಅಲ್ಲೇ ಐತಿ," ಅಂದಳು ಮುದಕಮ್ಮ.

"ಆತ್ರಿ. ನಿಮ್ಮ ಸೊಸಿ ತಾಯಿ ಹೆಸರೇನ್ರಿ?"

"ಶೇಖರಮ್ಮ."

"ಶೇಖರಮ್ಮನ ತಾಯಿ?"

"ನಾನ ಅಲ್ಲೇನ್ರಿ," ಅಂದಳು ಮುದಕಮ್ಮ ಮೆಲ್ಲಗೆ.

ಹೊಸ ಕಾಳು ಹಿಡಿದ ಡಾಕ್ಟರ ಕೈ ಅಲ್ಲೇ ನಿಂತಿತು. ಇಡುವುದೆಲ್ಲಿ? ಹೇಮಪ್ಪನ ತಾಯಿಯಾಗಿ ಮುದಕಮ್ಮನ ಕಾಳು ಆಗಲೇ ನೆಲದ ಮೇಲೆ ಕೂತಾಗಿತ್ತು. ಕಳಕಮ್ಮನಿಗೆ ಎಷ್ಟೋ ದಿನದ ಮೇಲೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಡಾಕ್ಟರು ನಗಲಿಲ್ಲ. "ತಾಯಿ, ಕನಕಗಿರಿ ಕಡಿ ಇಂಥಾ ಮನಿ ಭಾಳ ನೋಡೇನ್ರಿ. ಎಲ್ಲಾ ಕಡಿ ಇದು ತಾಯಿಂದ ಮಗಳಿಗೆ ಇಳದೈತಿ, ಅವರ ಕಣ್ಣಾಗ ಮಾತ್ರ ಕಂಡಿಲ್ಲ. ಅವರು ಹಡದ ಗಂಡುಹುಡುಗರೊಳಗ ಒಬ್ಬೊಬ್ಬರಿಗೆ ಕಂಡೈತಿ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ರಿ, ಇದರಾಗ ಯಾರದೂ ತಪ್ಪಿಲ್ಲ. ನಿಮ್ಮ ಅಣ್ಣ ತಮ್ಮಂದಿರೊಳಗ ಯಾರಿಗರ ಇತ್ತೇನು, ನೆನಪು ಮಾಡ್ಕೋರಿ."

"ಇಲ್ಲ ಅಂದ್ನೆಲ್ರೀ..." ಎಂದ ಮುದಕಮ್ಮನ ಗಟ್ಟಿ ದನಿ ನಡುವೆಯೇ ನಿಂತಿತು. "ಒಬ್ಬಾಂವ ಇದ್ದ. ಹಂಪಣ್ಣ."

ಆ ಹೆಸರನ್ನು ಕಳಕಮ್ಮ ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಸತ್ತ ಕೂಸಿನ ಹೆಸರು ಎತ್ತಿದರೆ ಇದ್ದ ಕೂಸುಗಳಿಗೆ ಕೇಡು ಎಂದು ಮುದಕಮ್ಮನ ಹಿರಿಯರು ಅದನ್ನು ಯಾರ ಬಾಯಲ್ಲೂ ಬರಗೊಟ್ಟಿರಲಿಲ್ಲ. ಎತ್ತದೆ ಎತ್ತದೆ ಅಕ್ಕನಿಗೆ ತಮ್ಮನ ಮುಖವೇ ಮಾಸಿಹೋಗಿತ್ತು.

"ನನ್ನ ಬಗಲಾಗ ಬೆಳದಾಂವ್ರಿ. ಅವನ ಕಣ್ಣೂ ಹಿಂಗ, ಒಂದ ಕಡಿ ನಿಲ್ತಿದ್ದಿಲ್ಲ. ನಮಗೇನು ರೋಗ ಅಂತ ಗೊತ್ತಿತ್ತೇನ್ರಿ? ಆಟಗುಳಿ ಹುಡುಗ, ಕಣ್ಣೂ ಆಡ್ತಾವ ಅಂತಿದ್ವಿ. ಪ್ಲೇಗಿನಾಗ ಹೋದ."

ಮುದಕಮ್ಮ ಅಂಗಳದಲ್ಲಿದ್ದ ಅಮರಪ್ಪನನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡಳು. ಅವನ ಗಲ್ಲ ಎರಡೂ ಕೈಯಲ್ಲಿ ಹಿಡಿದು ಆ ಕಣ್ಣುಗಳನ್ನು ನೋಡಿಯೇ ನೋಡಿದಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ, ಗಳಗಳನೆ ಅತ್ತುಬಿಟ್ಟಳು.

"ನನ್ನ ಹೊಟ್ಟಿಯಿಂದ ಇಳದದ್ದನ್ನ ನಿನ್ನ ತಲಿಗೆ ಕಟ್ಟಿದ್ನೆಲ್ಲವ್ವಾ ಕಳಕೀ!"

"ಅಳಬ್ಯಾಡ, ಆಯೀ." ಕಳಕಮ್ಮ ಮೊರ ಬದಿಗಿಟ್ಟು ಹತ್ತಿರ ಸರಿದಳು. ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಯಿತು. ಒಳಗಿನ ಅಂಜಿಕೆ ಇನ್ನೂ ಹೋಗಿರಲಿಲ್ಲ, ಕೇಳಿಯೇ ಬಿಟ್ಟಳು. "ಆದ್ರ... ಇದೂ ಗಂಡಾಗಿ, ಇದರ ಕಣ್ಣೂ ಹಂಗ ಆಡಿದ್ರ?"

ಮುದಕಮ್ಮ ಮೂಗು ಒರೆಸಿಕೊಂಡಳು.

"ಆಡಲಿ ತಗೋ. ನಮ್ಮ ಹಂಪಣ್ಣ ಬಂದ ಅಂತೀನಿ. ಅವನ್ನ ನೋಡಿ ಭಾಳ ವರ್ಷ ಆತು."