ತಿರುಗಿದ ಸೂಜಿ

ಹತ್ತೂಕಾಲಿಗೆ ಮೂರನೇ ನಂಬರಿನ ಹೊಲಿಗೆ ಮಿಷನ್ನು ಕೈಕೊಟ್ಟಿತು. ಸೂಪರ್‌ವೈಸರ್ ಮೇಡಂಗೆ ಸಿಟ್ಟು ನೆತ್ತಿಗೇರಿತು.

“ಇವತ್ತೇ ಆಗ್ಬೇಕಿತ್ತಾ ಇದು?” ಎನ್ನುತ್ತ ಅವಳು ಸಾಲಿನ ನಡುವೆ ನುಗ್ಗಿ ಬಂದಳು. ಕೈಯಲ್ಲಿ ನೀರಿನ ಬಾಟಲಿ. ಬೆಳಗಿನಿಂದ ಕೂಗಿ ಕೂಗಿ ಗಂಟಲು ಒಣಗಿತ್ತು, ಗುಟುಕರಿಸುತ್ತಲೇ ಬೈಯುತ್ತಿದ್ದಳು.

ಸಂಜೆ ಆರಕ್ಕೆ ಲಾರಿ ಬರಲಿತ್ತು. ಒಂಬೈನೂರು ಶಾಲಾ ಅಂಗಿ ಹೋಗಬೇಕು, ಅರ್ಧವೂ ಮುಗಿದಿರಲಿಲ್ಲ. ಅಂಗಿ ಹೋಗದಿದ್ದರೆ ನಾಳೆಯಿಂದ ನೀವೂ ಬರಬೇಡಿ ಎಂದು ಯಜಮಾನರು ಮುಖದ ಮೇಲೆ ಹೊಡೆದ ಹಾಗೆ ಹೇಳಿದ್ದರು. ಹತ್ತು ವರ್ಷ ಕಾಲರ್ ಹೊಲಿದು, ಬೆನ್ನು ಬಗ್ಗಿಸಿ ಗಳಿಸಿದ ಕುರ್ಚಿ ಅವಳದು. ಯಾವಳೋ ಆಟವಾಡಿದಳೆಂದು ಅದನ್ನು ಬಿಟ್ಟುಕೊಡುವವಳಲ್ಲ.

“ಸೂಜಿ ತಿರುಗಿದೆ ಮೇಡಂ,” ಎಂದ ಮೆಕ್ಯಾನಿಕ್. ಅರವತ್ತು ದಾಟಿದ ಆಸಾಮಿ, ಹುಡುಗಿಯರಿಗೆಲ್ಲ ಮಾವ.

ಸೂಜಿಯ ಒಂದು ಬದಿಗೆ ಉದ್ದಕ್ಕೆ ಒಂದು ಗೀರು ಇರುತ್ತದೆ. ಅದು ಎಡಕ್ಕಿರಬೇಕು. ಬಲಕ್ಕೆ ತಿರುಗಿತೋ, ಹೊಲಿಗೆ ಕೂರುವುದಿಲ್ಲ, ದಾರ ಕಿತ್ತು ಬರುತ್ತದೆ. ನಿನ್ನೆ ಮೊನ್ನೆ ಸೇರಿದವಳೂ ಮಾಡದ ತಪ್ಪು. ಇಲ್ಲಿ ಮೂರು ದಿನದಲ್ಲಿ ಹನ್ನೊಂದು ಸಲ ಆಗಿದೆ.

“ಸೂಜಿಗೆ ಕಾಲಿದೆಯಾ, ತಾನೇ ತಿರುಗೋಕೆ?”

“ಹತ್ತು ನಿಮಿಷ ಬಿಡಿ ಮೇಡಂ, ಸರಿ ಮಾಡ್ತೀನಿ.”

“ಸೂಜಿ ತಿರುಗಿಸೋಕೆ ಹತ್ತು ನಿಮಿಷಾನಾ?”

“ಕೆಲಸ ಪೂರ್ತಿ ಆಗ್ಬೇಕಲ್ಲ,” ಎಂದು ಅವನು ಸಾವಧಾನವಾಗಿ ಕನ್ನಡಕ ಒರೆಸಿಕೊಂಡ. ಆ ಮಿಷನ್ನಿನ ಹುಡುಗಿ ಆಗಲೇ ಅಲ್ಲಿಂದ ಮಾಯವಾಗಿದ್ದಳು. ಮುದುಕನ ಆ ಸಮಾಧಾನ ಕಂಡರೇ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು.

ಇದು ಸೇಡು, ಅವಳಿಗೆ ಅನುಮಾನವೇ ಇರಲಿಲ್ಲ. ಸೋಮವಾರ ಕಂಬಕ್ಕೆ ಅವಳೇ ಒಂದು ಕಾಗದ ಅಂಟಿಸಿದ್ದಳು: ‘ಮಿಷನ್ ಓಡುತ್ತಿರುವಷ್ಟು ಹೊತ್ತು ಯಾರೂ ಸೀಟು ಬಿಟ್ಟು ಏಳಬಾರದು.’ ಕೆಳಗೆ ಕೆಂಪು ಮಸಿಯಲ್ಲಿ ಎರಡು ಗೆರೆ. ಹುಡುಗಿಯರು ಎದ್ದು ಹೋಗಿ ಕನ್ನಡಿ ಮುಂದೆ ಹರಟುವುದು ಅಲ್ಲಿಗೆ ನಿಂತಿತು. ಯಜಮಾನರು ಭೇಷ್ ಅಂದರು. ಮಂಗಳವಾರದಿಂದ ಮಿಷನ್ನುಗಳು ಕೆಡತೊಡಗಿದವು.

ಅವಳು ಲೆಕ್ಕ ಬರೆದಿಟ್ಟಿದ್ದಳು. ಹನ್ನೊಂದರಲ್ಲಿ ಐದು ಸಲ ಕೆಟ್ಟಿದ್ದು ಏಳನೇ ನಂಬರಿನ ಮಿಷನ್ನು. ಅದರ ಮುಂದೆ ಕೂರುವವಳು ಆರು ತಿಂಗಳ ಬಸುರಿ, ಮಾತಾಡಿಸಿದರೆ ತಲೆ ತಗ್ಗಿಸುವವಳು. ಮುದುಕ ಕರೆಯುವ ಮೊದಲೇ ಅಲ್ಲಿಗೆ ಓಡುತ್ತಿದ್ದ. ಇಬ್ಬರೂ ಸೇರಿ ತನ್ನ ಬುಡಕ್ಕೆ ಕೊಡಲಿ ಹಾಕುತ್ತಿದ್ದಾರೆ ಎಂದುಕೊಂಡಳು.

ಮೇಡಂ ಬಟ್ಟೆ ರಾಶಿಯ ಹಿಂದೆ ಅಡಗಿ ನಿಂತಳು. ಹನ್ನೊಂದೂವರೆಗೆ ಸಿಕ್ಕಿಬಿದ್ದಳು ಏಳನೆಯವಳು, ಸೂಜಿಯ ತಿರುಪಿನ ಮೇಲೆ ಕೈಯಿಟ್ಟುಕೊಂಡೇ.

“ಯಾಕೆ ಮಾಡ್ದೆ? ಬಾಯಿ ಬಿಡು.”

ಹುಡುಗಿಯ ಕಣ್ಣು ತುಂಬಿತು. “ಮಿಷನ್ ಓಡ್ತಿತ್ತಲ್ಲ ಮೇಡಂ. ಅದಕ್ಕೆ.”

“ಕೇಳಿದ್ರಾ ಮಾತು? ಓಡ್ತಿತ್ತಂತೆ, ಅದಕ್ಕೆ ಕೆಡಿಸಿದ್ಲಂತೆ. ಬಸುರಿ ಅಂತ ಕನಿಕರ ಪಟ್ಟಿದ್ದಕ್ಕೆ ನನ್ನ ತಲೆ ಮೇಲೇ ಕೂತಳು. ನಡಿ ಗೇಟಿಗೆ. ಸಂಜೆ ಕಾಗದ ಕೈಗೆ ಕೊಡ್ತೀನಿ, ನಿನ್ನ ಕೆಲಸ ಮುಗೀತು.”

ಅವಳು ಬುತ್ತಿ ಚೀಲ ಎತ್ತಿಕೊಂಡು ಹೊರಟಳು.

“ಈ ಕೆಲಸ ಇಲ್ಲದೆ ಆ ಮನೇಲಿ ಒಲೆ ಹತ್ತಲ್ಲ ಮೇಡಂ,” ಎಂದ ಮೆಕ್ಯಾನಿಕ್. “ತೆಗೆದು ಹಾಕೋಕೆ ಮುಂಚೆ ಒಂದ್ಸಲ ನೀವೇ ಆ ಸೀಟಲ್ಲಿ ಕೂತು ನೋಡಿ.”

“ಕೂರ್ತೀನಿ. ನನ್ನ ಕೈಲಿ ಹೇಗೆ ಕೆಡುತ್ತೋ ನೋಡೇಬಿಡ್ತೀನಿ.”

ಕೂರದೆ ವಿಧಿಯೂ ಇರಲಿಲ್ಲ. ಏಳನೇ ಮಿಷನ್ನಿನಲ್ಲಿ ಕಾಲರ್ ಕೂರಿಸದಿದ್ದರೆ ಮುಂದಿನ ಕೆಲಸವೆಲ್ಲ ನಿಲ್ಲುತ್ತದೆ. ಅವಳು ಬಾಟಲಿ ಪಕ್ಕಕ್ಕಿಟ್ಟು ಕೂತಳು. ಹಳೆಯ ಕೈ, ಕಾಲರುಗಳು ನೀರು ಹರಿದಂತೆ ಬಂದವು. ಊಟಕ್ಕೆ ಎಲ್ಲರೂ ಎದ್ದಾಗಲೂ ಹಟಕ್ಕೆ ಬಿದ್ದು ಅವಳು ಏಳಲಿಲ್ಲ. ಎರಡು ಗಂಟೆಗೆ ಇನ್ನೂರು ಕಾಲರ್ ಮುಗಿದಿದ್ದವು, ಊಟಕ್ಕೆ ಎದ್ದವಳೊಬ್ಬಳು ತುಂಬಿಸಿಕೊಟ್ಟ ಬಾಟಲಿಯೂ ಎರಡನೆಯ ಸಲ ಖಾಲಿಯಾಗಿತ್ತು.

“ನೋಡಿದ್ರಾ? ಕೆಡಿಸೋರು ಇಲ್ದಿದ್ರೆ ಮಿಷನ್ ಕೆಡಲ್ಲ,” ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಎರಡೂವರೆಗೆ ಯಜಮಾನರು ಬಂದರು. ಸೂಪರ್‌ವೈಸರ್ ತಾನೇ ಮಿಷನ್ನಿಗೆ ಕೂತದ್ದು ಕಂಡು ಖುಷಿಯಾಗಿ, ಕುರ್ಚಿ ತರಿಸಿಕೊಂಡು ಅವಳ ಬೆನ್ನ ಹಿಂದೆಯೇ ಕೂತರು.

ಮೂರಕ್ಕೆ ಅವಳ ಹೊಲಿಗೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೊಲಿದಳು. ಮತ್ತೂ ಸೊಟ್ಟ. ಕಾಲ ಮೇಲೆ ಕಾಲು ಹಾಕಿದಳು, ತೆಗೆದಳು, ಹಲ್ಲು ಕಚ್ಚಿದಳು. ಮಿಷನ್ನಿನ ಮೇಲೆ, ಬಟ್ಟೆಯ ಮೇಲೆ, ಹಿಂದೆ ಕೂತ ಮನುಷ್ಯನ ಮೇಲೆ ಸಿಟ್ಟು ಉಕ್ಕಿತು. ಮೂರೂಕಾಲಿಗೆ ತಡೆಯಲಾರದೆ ಎದ್ದು ನಿಂತಳು.

“ಎಲ್ಲಿಗೆ?” ಯಜಮಾನರು ನಗುತ್ತ ಕಂಬದ ಕಡೆ ಬೆರಳು ತೋರಿಸಿದರು. “ಮಿಷನ್ ಓಡ್ತಾ ಇದೆಯಲ್ಲ. ನೀವೇ ಮಾಡಿದ ರೂಲು, ನೀವೇ ಮುರಿದ್ರೆ ಹುಡುಗೀರು ಕೇಳ್ತಾರಾ? ಕೂತ್ಕೊಳ್ಳಿ. ಆರರ ತನಕ ನಾನೂ ಏಳಲ್ಲ.”

ಅವಳ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದಳು. ಆ ಗಂಡಸಿನ ಮುಂದೆ ಮಾತು ಹೊರಡಲಿಲ್ಲ. ಕೂತಳು.

ಇಡೀ ಸಾಲು ತಲೆ ಬಗ್ಗಿಸಿ ಹೊಲಿಯುತ್ತಿತ್ತು. ಯಾರೂ ನಗಲಿಲ್ಲ. ಪಕ್ಕದ ಮಿಷನ್ನಿನವಳು ಮಾತ್ರ ತನ್ನ ಸ್ಕ್ರೂಡ್ರೈವರನ್ನು ಮೆಲ್ಲಗೆ ಅವಳ ಕಡೆ ಸರಿಸಿದಳು.

ಮೇಡಂ ದಾರ ಪೋಣಿಸುವವಳ ಹಾಗೆ ಬಗ್ಗಿದಳು. ತಿರುಪು ಸಡಿಲಿಸಿದಳು. ಸೂಜಿಯ ಗೀರನ್ನು ಎಡದಿಂದ ಬಲಕ್ಕೆ ತಿರುಗಿಸಿ ಮತ್ತೆ ಬಿಗಿದಳು. ನಂತರ ಕೈ ಎತ್ತಿದಳು.

“ಮಾವಾ, ಏಳನೇ ಮಿಷನ್ ಕೆಟ್ಟಿದೆ.”

ಮೆಕ್ಯಾನಿಕ್ ಬಂದ. ಸೂಜಿಯತ್ತ ನೋಡಲೂ ಇಲ್ಲ. ಕನ್ನಡಕ ತೆಗೆದು ಒರೆಸುತ್ತ, ಅವಳಿಗಷ್ಟೇ ಕೇಳುವ ಹಾಗೆ ಹೇಳಿದ:

“ಹತ್ತು ನಿಮಿಷ ಹಿಡಿಯುತ್ತೆ ಮೇಡಂ. ಬಾತ್‌ರೂಮು ಖಾಲಿ ಇದೆ, ಹೋಗಿ ಬನ್ನಿ. ಬರೋವಾಗ ಗೇಟಲ್ಲಿ ಕೂತಿರೋ ಆ ಬಸುರಿ ಹುಡುಗೀನೂ ಕರ್ಕೊಂಡು ಬನ್ನಿ.”