ಗಡಿಯ ಎರಡೂ ಕಡೆ

ಏಳುಮಲೈ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ, ಮನೆಮಾತು ತಮಿಳು. ನೀರಿನ ಗಲಾಟೆ ಎದ್ದ ದಿನ ಅವನ ಇಸ್ತ್ರಿ ಅಂಗಡಿಗೆ ಗುಂಪೊಂದು ನುಗ್ಗಿತು.

"ನಾನೂ ಇಲ್ಲಿಯವನೇ ಕಣಣ್ಣಾ!"

"ನಿನ್ ಹೆಸರೇ ಹೇಳುತ್ತಲ್ಲೋ, ತಮಿಳ ಅಂತ!"

ದೊಣ್ಣೆಯಿಂದ ಬಡಿದು ಹಲ್ಲು ಉದುರಿಸಿದರು. ಅಂಗಡಿಗೆ ಬೆಂಕಿ ಹಚ್ಚಿದರು.

ರಕ್ತ ಉಗುಳುತ್ತಲೇ ಅವನು ಸ್ಕೂಟರ್ ಹತ್ತಿ ಗಡಿ ದಾಟಿದ. ಅಲ್ಲಿಯೂ ಗುಂಪೊಂದು ಕಾದಿತ್ತು. ಸ್ಕೂಟರಿನ ನಂಬರ್ ಕಂಡದ್ದೇ ಕೆಳಗೆಳೆದರು.

"ನಾನು ತಮಿಳನೇ!" ಎಂದು ತಮಿಳಿನಲ್ಲೇ ಕಿರುಚಿದ.

"ಬೆಂಗಳೂರಿನ ತಮಿಳು! ಇವನು ಕನ್ನಡದವನೇ," ಎಂದು ಒಬ್ಬ ಕಲ್ಲೆತ್ತಿ ಅವನ ತಲೆಗೆ ಹಾಕಿದ.

ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದ. ಚೀಟಿ ಬರೆಯಲು ಬಂದ ನರ್ಸ್ ಎರಡೂ ಭಾಷೆಗಳಲ್ಲಿ ಮೆಲ್ಲಗೆ ಕೇಳಿದಳು, "ಯಾವೂರಪ್ಪಾ ನಿಂದು?"

ಏಳುಮಲೈ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡ.

"ನಿಮ್ದು ಯಾವೂರು ಅಂತ ಮೊದ್ಲು ಹೇಳಿ, ಅಕ್ಕಾ."